ಫೆಲ್ಟಿನ ಗೋದಲಿ, ಕನ್ನಡದ ಕಥೆ

ಕ್ರಿಸ್ಮಸ್ಸಿಗೆ ಮುನ್ನ ಬರುವ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತರು ಆಗಮನ ಕಾಲವೆಂದು ಕರೆಯುತ್ತಾರೆ. ನಾವು ನೆಲೆಸಿರುವ ಈ ದಕ್ಷಿಣ ಜರ್ಮನಿಯಲ್ಲಿ ಆ ದಿನಗಳು ಸಮೀಪಿಸಿದವೆಂದರೆ ಅಂಗಡಿಗಳ ಗಾಜಿನ ಹಿಂದೆ ಫೆಲ್ಟ್ ಬಟ್ಟೆಯ ದೇವದೂತರು, ಕುರಿಮರಿಗಳು, ನಕ್ಷತ್ರಗಳು ಸಾಲುಗಟ್ಟುತ್ತವೆ. ನಮ್ಮ ಕನ್ನಡ ಕೂಟದ ಕ್ರೈಸ್ತ ಕುಟುಂಬಗಳ ಮನೆಗಳಲ್ಲಿಯೂ ಮಕ್ಕಳು ಅಂತಹ ಗೊಂಬೆಗಳನ್ನು ಕತ್ತರಿಸಿ, ಹೊಲಿದು, ಗೋದಲಿಯನ್ನು ಸಿದ್ಧಪಡಿಸುತ್ತಾರೆ. ವೃತ್ತಿಯಿಂದ ವೈದ್ಯರಾಗಿ, ಬಿಡುವಿನ ದಿನಗಳಲ್ಲಿ ಕೂಟದ ಮಕ್ಕಳೊಡನೆ ಕಾಲ ಕಳೆಯುವ ನಾವು ಈ ಕೆಲಸವನ್ನು ಹಲವು ಮನೆಗಳಲ್ಲಿ ನೋಡಿ ಸಂತೋಷಪಟ್ಟಿದ್ದೇವೆ. ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತಿದೆ. ಕೈ ಕೆಲಸ ಮಾಡುತ್ತಿರುವಾಗ ಕಥೆ ಯಾವ ಭಾಷೆಯಲ್ಲಿ ನಡೆಯುತ್ತಿದೆ?

ಬಹುತೇಕ ಮನೆಗಳಲ್ಲಿ ಅದು ಜರ್ಮನ್ ಭಾಷೆಯಲ್ಲಿ ನಡೆಯುತ್ತಿದೆ. ಇದಕ್ಕೆ ಕಾರಣವೂ ಸ್ಪಷ್ಟ. ಭಾನುವಾರದ ಆರಾಧನೆ, ಮಕ್ಕಳ ಬೈಬಲ್ ಪಾಠ, ಶಾಲೆಯ ಧರ್ಮಬೋಧೆಯ ತರಗತಿ ಎಲ್ಲವೂ ಇಲ್ಲಿಯ ಭಾಷೆಯಲ್ಲಿವೆ. ಇತ್ತ ಕೂಟದಲ್ಲಿ ಯುಗಾದಿ, ಗಣೇಶನ ಹಬ್ಬ, ದೀಪಾವಳಿ, ರಾಜ್ಯೋತ್ಸವಗಳು ಕನ್ನಡದಲ್ಲಿ ಸಂಭ್ರಮದಿಂದ ನಡೆಯುತ್ತವೆ. ಹೀಗಾಗಿ ನಮ್ಮ ಕ್ರೈಸ್ತ ಮನೆಯ ಮಗುವಿನ ಮನಸ್ಸಿನಲ್ಲಿ, ಯಾರೂ ಹೇಳಿಕೊಡದೆಯೇ, ಒಂದು ವಿಭಜನೆ ಬೇರೂರುತ್ತದೆ. ಕನ್ನಡವೆಂದರೆ ಊಟ, ನಿದ್ದೆ, ಗದರಿಕೆ ಮತ್ತು ಗೆಳೆಯರ ಮನೆಯ ಹಬ್ಬ, ಯೇಸುವೆಂದರೆ ಜರ್ಮನ್. ತನ್ನ ಅಂತರಂಗದ ಮಾತುಗಳಿಗೆ ಬಾರದ ಭಾಷೆಯನ್ನು ಮಗು ದೊಡ್ಡದಾದ ಮೇಲೆ ಎಷ್ಟು ಕಾಲ ಉಳಿಸಿಕೊಂಡೀತು? ಪ್ರಾರ್ಥನೆಗೆ ಒದಗದ ಭಾಷೆ ಕ್ರಮೇಣ ಅಡುಗೆಮನೆಗೆ ಸೀಮಿತವಾಗುತ್ತದೆ. ಅನಂತರ ಅಲ್ಲಿಂದಲೂ ಮರೆಯಾಗುತ್ತದೆ.

ಇದರಲ್ಲಿ ಇತಿಹಾಸದ ಒಂದು ವ್ಯಂಗ್ಯವೂ ಅಡಗಿದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಈ ವ್ಯುರ್ಟೆಂಬರ್ಗ್ ಸೀಮೆಯಲ್ಲೇ ಹುಟ್ಟಿದ ಹರ್ಮನ್ ಮ್ಯೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ನಮಗೆ ಕೊಟ್ಟ ಫರ್ಡಿನಾಂಡ್ ಕಿಟ್ಟೆಲರು ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಇಲ್ಲಿಯ ಟ್ಯೂಬಿಂಗನ್ನಿನಲ್ಲಿ. ಅದೇ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ಯೆಂಬ ಕೃತಿಯಲ್ಲಿ ಯೇಸುವಿನ ಜೀವನವನ್ನು ನಮ್ಮ ದೇಶದ ಛಂದಸ್ಸಿನಲ್ಲಿ, ಕನ್ನಡದಲ್ಲಿ ಹಾಡಿದರು. ಜರ್ಮನ್ ಮಾತೃಭಾಷೆಯ ವಿದ್ವಾಂಸರೊಬ್ಬರು ಕಡಲು ದಾಟಿ ಬಂದು ಕಲಿತು, ಯಾವ ಕಥೆಯನ್ನು ಕನ್ನಡದಲ್ಲಿ ಹೇಳುವ ಶ್ರಮ ವಹಿಸಿದರೋ, ಆ ಕಥೆಯನ್ನು ಕನ್ನಡದ ಮಕ್ಕಳು ಇಂದು ಅವರ ನಾಡಿನಲ್ಲಿ ಕುಳಿತು ಜರ್ಮನ್ನಿನಲ್ಲಿ ಮಾತ್ರ ಕೇಳುತ್ತಿದ್ದಾರೆ. ಈ ನಷ್ಟವನ್ನು ತುಂಬಿಕೊಳ್ಳಲು ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಒಂದು ಮೇಜು, ಒಂದಿಷ್ಟು ಫೆಲ್ಟ್ ತುಂಡುಗಳು, ಕಥೆ ಹೇಳಲು ಸಿದ್ಧರಿರುವ ಒಬ್ಬ ಹಿರಿಯರು ಸಾಕು ಎಂಬುದು ನಮ್ಮ ಅಭಿಪ್ರಾಯ.

ಫೆಲ್ಟನ್ನೇ ಏಕೆ ಆರಿಸಬೇಕು? ನಮ್ಮ ಕುರುಬರ ಕಂಬಳಿಯೂ ಫೆಲ್ಟೂ ಎರಡೂ ಉಣ್ಣೆಯವೇ. ಕಂಬಳಿಯನ್ನು ನೂಲು ತೆಗೆದು ಮಗ್ಗದಲ್ಲಿ ನೇಯುತ್ತಾರೆ, ಫೆಲ್ಟನ್ನು ನೇಯುವುದಿಲ್ಲ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು ಬೆರೆಸಿ ತಿಕ್ಕಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಬೆಸೆದುಕೊಳ್ಳುತ್ತವೆ. ಆದ್ದರಿಂದಲೇ ಫೆಲ್ಟನ್ನು ಎತ್ತ ಕತ್ತರಿಸಿದರೂ ಅಂಚಿನ ನೂಲು ಬಿಟ್ಟುಕೊಳ್ಳುವುದಿಲ್ಲ, ಮಡಿಸಿ ಹೊಲಿಯಬೇಕಾಗಿಲ್ಲ. ಐದು ವರ್ಷದ ಮಗು ಸೊಟ್ಟಗೆ ಕತ್ತರಿಸಿದ ಕುರಿಯೂ ಕುರಿಯಾಗಿಯೇ ಉಳಿಯುತ್ತದೆ. ಮಕ್ಕಳ ಬೆರಳುಗಳ ಚಲನೆ, ಕಣ್ಣು–ಕೈಗಳ ಹೊಂದಾಣಿಕೆ ಬೆಳೆಯುವ ವಯಸ್ಸಿನಲ್ಲಿ ಇಷ್ಟು ಕ್ಷಮಾಶೀಲವಾದ ವಸ್ತು ಬೇರೊಂದಿಲ್ಲ. ನಮಗೆ ಹತ್ತಿರದ ಗೀಂಗನ್ ಪಟ್ಟಣದಲ್ಲಿ ಮಾರ್ಗರೆಟೆ ಸ್ಟೈಫ್ ಎಂಬ ಮಹಿಳೆ 1880ರಲ್ಲಿ ಸೂಜಿ ಚುಚ್ಚಿಡುವುದಕ್ಕೆಂದು ಫೆಲ್ಟಿನ ಪುಟ್ಟ ಆನೆಯನ್ನು ಹೊಲಿದರು. ಮಕ್ಕಳು ಅದನ್ನು ಎತ್ತಿಕೊಂಡು ಆಟಿಕೆಯಾಗಿಸಿಕೊಂಡರು. ಜಗತ್ಪ್ರಸಿದ್ಧ ಗೊಂಬೆ ಉದ್ಯಮವೊಂದು ಅಲ್ಲಿಂದ ಬೆಳೆಯಿತು. ಎಳವೆಯಲ್ಲೇ ಪೋಲಿಯೋ ತಗುಲಿ ಗಾಲಿಕುರ್ಚಿಯಲ್ಲಿ ಬಾಳಿದವರು ಆಕೆ. ಅಂಥವರ ಕೈಗೂ ಒಲಿದ ಬಟ್ಟೆಯಿದು ಎಂಬುದನ್ನು ಮಕ್ಕಳಿಗೆ ಹೇಳುವುದು ಲೇಸು.

ಫೆಲ್ಟಿಗೆ ಇನ್ನೊಂದು ಗುಣವಿದೆ: ಫೆಲ್ಟಿನ ಮೇಲೆ ಫೆಲ್ಟ್ ಅಂಟಿಲ್ಲದೆ ನಿಲ್ಲುತ್ತದೆ. ಹಲಗೆಯೊಂದಕ್ಕೆ ಕಡುನೀಲಿ ಫೆಲ್ಟ್ ಹೊದಿಸಿ ಅದರ ಮೇಲೆ ಗೊಂಬೆಗಳನ್ನು ಇಟ್ಟು, ತೆಗೆದು ಕಥೆ ಹೇಳುವ ಪದ್ಧತಿ ಭಾನುವಾರದ ಬೈಬಲ್ ಶಾಲೆಗಳಲ್ಲಿ ಕಳೆದ ಶತಮಾನದಲ್ಲಿ ವ್ಯಾಪಕವಾಗಿತ್ತು. ಇದನ್ನು ನಾವು ಮತ್ತೆ ಬಳಕೆಗೆ ತರಬೇಕು. ನಮ್ಮ ಮಕ್ಕಳಿಗೆ ಕನ್ನಡದ ಬಣ್ಣಗಳ ಹೆಸರು ಗೊತ್ತು, ಹಣ್ಣುಗಳ ಹೆಸರು ಗೊತ್ತು, ನೂರರವರೆಗೆ ಎಣಿಕೆಯೂ ಗೊತ್ತು. ಆದರೆ ಕ್ರಿಯಾಪದ ಬಂದಲ್ಲಿ ನಾಲಿಗೆ ತಡವರಿಸುತ್ತದೆ. ಗೊಂಬೆಯನ್ನು ಸರಿಸುತ್ತಾ ಕಥೆ ಹೇಳುವ ಮಗು ‘ಹೊರಟರು, ನಡೆದರು, ಬಾಗಿಲು ತಟ್ಟಿದರು, ಜಾಗ ಸಿಗಲಿಲ್ಲ, ಮಗುವನ್ನು ಮಲಗಿಸಿದಳು’ ಎಂದು ಹೇಳಲೇಬೇಕಾಗುತ್ತದೆ. ಕೈ ಮುಂದೆ ಹೋದಂತೆ ಮಾತೂ ಮುಂದೆ ಹೋಗುತ್ತದೆ. ಹಿರಿಯರು ಒಮ್ಮೆ ಹೇಳಿ, ಎರಡನೆಯ ಸಲ ಹಲಗೆಯನ್ನು ಮಗುವಿಗೆ ಒಪ್ಪಿಸಿ ಸುಮ್ಮನಿರುವುದೇ ಈ ಪಾಠದ ಗುಟ್ಟು.

ಕಥೆಯ ಪದಗಳನ್ನು ಗಮನಿಸಿ. ದನಕರುಗಳಿಗೆ ಮೇವು ಹಾಕುವ ತೊಟ್ಟಿಗೆ ಕನ್ನಡ ಕ್ರೈಸ್ತರು ಗೋದಲಿ ಎನ್ನುತ್ತಾರೆ. ಹಟ್ಟಿ ಕಂಡ ಯಾವ ಅಜ್ಜಿಗೂ ಅದು ಅರ್ಥವಾಗುವ ಮಾತು. ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದವರು ಕುರುಬರು. ನಕ್ಷತ್ರವನ್ನು ಕಂಡು ಮೂಡಣ ದೇಶದಿಂದ ಬಂದವರು ಜೋಯಿಸರು. ಜಾಗ ಸಿಗದೆ ಹೋದದ್ದು ಛತ್ರದಲ್ಲಿ. ಈ ಒಂದೊಂದು ಪದವೂ ನಮ್ಮ ನೆಲದ ಜೀವನವನ್ನು ತನ್ನೊಡನೆ ಕರೆತರುತ್ತದೆ. ಬೇತ್ಲೆಹೇಮಿನ ಕುರುಬನ ಹೆಗಲಿಗೆ ಕಪ್ಪು ಫೆಲ್ಟಿನ ಒಂದು ಕಂಬಳಿಯನ್ನು ಮಗು ಹೊದಿಸಿದರೆ ಕಥೆಗೆ ಯಾವ ಕುಂದೂ ಇಲ್ಲ. ಮಗುವಿಗೆ ಎರಡು ನಾಡುಗಳು ಒಟ್ಟಿಗೆ ಸಿಕ್ಕಂತಾಯಿತು.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ಇಷಯನ ಮರವನ್ನು ನಾವು ಸೂಚಿಸುತ್ತೇವೆ. ದಾವೀದನ ತಂದೆಯಾದ ಇಷಯನ ಬುಡದಿಂದ ಚಿಗುರೊಂದು ಒಡೆಯುವುದೆಂಬ ಯೆಶಾಯನ ಪ್ರವಾದನೆಯಿಂದ ಈ ಹೆಸರು ಬಂದಿದೆ. ಫೆಲ್ಟಿನ ಒಂದು ಬರಿಯ ಮರ. ಆಗಮನ ಕಾಲದ ದಿನಗಳಲ್ಲಿ ಅದಕ್ಕೆ ಒಂದೊಂದೇ ಗುರುತನ್ನು ತೂಗುಹಾಕುತ್ತಾರೆ. ಪ್ರತಿದಿನಕ್ಕೊಂದು ಮಾಡಹೊರಟರೆ ದುಡಿಯುವ ತಂದೆತಾಯಂದಿರು ಎರಡನೆಯ ವಾರಕ್ಕೇ ಸೋಲುತ್ತಾರೆ. ವಾರಕ್ಕೆ ಎರಡರಂತೆ ಎಂಟು ಸಾಕು: ನೋಹನ ನಾವೆ, ಅಬ್ರಹಾಮನ ನಕ್ಷತ್ರಗಳು, ಯಾಕೋಬನ ಏಣಿ, ಯೋಸೇಫನ ಬಣ್ಣದ ಅಂಗಿ, ಮೋಶೆಯ ಕಲ್ಲಿನ ಹಲಗೆಗಳು, ರೂತಳ ತೆನೆ, ದಾವೀದನ ಕವಣೆ, ಕೊನೆಗೆ ಗೋದಲಿ. ಇವುಗಳಲ್ಲಿ ರೂತಳ ತೆನೆಯನ್ನು ದಯವಿಟ್ಟು ಬಿಡಬೇಡಿ. ಆಕೆ ಮೋವಾಬ್ ದೇಶದವಳು; ಗಂಡನನ್ನು ಕಳೆದುಕೊಂಡು, ಅತ್ತೆಯ ಕೈ ಬಿಡದೆ ಬೇತ್ಲೆಹೇಮಿಗೆ ಬಂದು, ಪರರ ಹೊಲದಲ್ಲಿ ಉಳಿದ ತೆನೆಗಳನ್ನು ಆಯ್ದು ಬದುಕಿದಳು. ಆ ಪರದೇಶದ ಹೆಣ್ಣು ದಾವೀದನ ಮುತ್ತಜ್ಜಿಯಾದಳು. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ?

ಅಂಗಡಿಯ ಸಿದ್ಧ ಪೊಟ್ಟಣಗಳ ವಿಷಯದಲ್ಲಿ ನಮ್ಮದೊಂದು ತಕರಾರಿದೆ. ಅವುಗಳಲ್ಲಿ ಮುಖಕ್ಕೆಂದು ಕೊಡುವ ಬಟ್ಟೆ ಸಾಮಾನ್ಯವಾಗಿ ತಿಳಿಗುಲಾಬಿ, ಕೂದಲಿಗೆ ಹಳದಿ. ಯೇಸು ಹುಟ್ಟಿದ್ದು ಪಶ್ಚಿಮ ಏಷ್ಯಾದಲ್ಲಿ, ಯೆಹೂದ್ಯರ ಮನೆಯಲ್ಲಿ. ಕಂದುಬಣ್ಣದ ಬೇರೆ ಬೇರೆ ಛಾಯೆಗಳ ಫೆಲ್ಟನ್ನು ಬಿಡಿಯಾಗಿ ಕೊಳ್ಳಿರಿ. ತನ್ನ ಕೈಯ ಬಣ್ಣದ ಮರಿಯಳನ್ನು ಮಗು ಹೊಲಿದರೆ ಅದು ಸತ್ಯಕ್ಕೂ ಹತ್ತಿರ, ಮಗುವಿನ ಮನಸ್ಸಿಗೂ ಹತ್ತಿರ. ಕಥೆಯಲ್ಲಿ ಬರೆದಿರುವುದು ಯಾವುದು, ಅನಂತರ ಸೇರಿದ್ದು ಯಾವುದು ಎಂಬುದನ್ನೂ ಸ್ವಲ್ಪ ದೊಡ್ಡ ಮಕ್ಕಳಿಗೆ ತಿಳಿಸಬಹುದು. ಜೋಯಿಸರು ಮೂವರೆಂದು ಮತ್ತಾಯನು ಹೇಳಿಲ್ಲ. ಕಾಣಿಕೆಗಳು ಮೂರಿದ್ದುದರಿಂದ ಎಣಿಕೆ ಹಾಗಾಯಿತು. ಗೋದಲಿಯ ಪಕ್ಕದ ಎತ್ತು, ಕತ್ತೆಗಳೂ ಸುವಾರ್ತೆಯ ಜನನದ ವೃತ್ತಾಂತದಲ್ಲಿಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಜೀವಂತ ಎತ್ತು, ಕತ್ತೆಗಳೊಡನೆ ಗೋದಲಿಯನ್ನು ಏರ್ಪಡಿಸಿ, ಓದುಬರಹ ಬಾರದ ಜನರ ಕಣ್ಣಿಗೂ ಕಥೆ ಕಾಣುವಂತೆ ಮಾಡಿದರು. ನಮ್ಮ ಫೆಲ್ಟಿನ ಹಲಗೆ ಆ ಪರಂಪರೆಯದೇ.

ಶಿಲುಬೆಯ ಕಥೆಯನ್ನು ಚಿಕ್ಕ ಮಕ್ಕಳಿಗೆ ಹೇಗೆ ಹೇಳುವುದೆಂದು ಕೆಲವು ತಾಯಂದಿರು ನಮ್ಮನ್ನು ಕೇಳುತ್ತಾರೆ. ಮುಚ್ಚಿಡಬೇಕಾಗಿಲ್ಲ, ಆದರೆ ಗಾಯವನ್ನೂ ರಕ್ತವನ್ನೂ ಫೆಲ್ಟಿನಲ್ಲಿ ಕತ್ತರಿಸಬೇಕಾಗಿಯೂ ಇಲ್ಲ. ಮೂರು ನಾಲ್ಕು ವರ್ಷದ ಮಗುವಿಗೆ ಸಾವು ಮರಳಿ ಬಾರದ ಸ್ಥಿತಿಯೆಂಬ ಅರಿವು ಇನ್ನೂ ಮೂಡಿರುವುದಿಲ್ಲ. ಚಿತ್ರ ಮಾತ್ರ ಉಳಿದು ರಾತ್ರಿ ಹೆದರಿಸೀತು. ಆ ವಯಸ್ಸಿಗೆ ಬರಿಯ ಶಿಲುಬೆ, ಮುಚ್ಚಿದ ಕಲ್ಲು, ಸರಿದ ಕಲ್ಲು ಇಷ್ಟು ಸಾಕು. ಪ್ರಶ್ನೆ ಬಂದಾಗ ಪ್ರಶ್ನೆಯಷ್ಟೇ ಅಳತೆಯ ಉತ್ತರ ಕೊಡುವುದು ಉತ್ತಮ.

ವೈದ್ಯರಾಗಿ ಕೆಲವು ಎಚ್ಚರಿಕೆಗಳನ್ನೂ ಹೇಳಬೇಕಾಗಿದೆ. ಮೂರು ವರ್ಷದೊಳಗಿನ ಮಕ್ಕಳಿರುವಲ್ಲಿ ಗುಂಡಿ, ಮಣಿಗಳನ್ನು ಕಣ್ಣಿಗೆಂದು ಹೊಲಿಯಬೇಡಿರಿ. ದಾರದಿಂದಲೇ ಕಣ್ಣು ಬಿಡಿಸಿರಿ. ಉಣ್ಣೆಯನ್ನು ಚುಚ್ಚಿ ಫೆಲ್ಟ್ ಮಾಡುವ ಮುಳ್ಳುಸೂಜಿ ಚಿಕ್ಕವರ ಕೈಗೆ ಬೇಡ. ಅವರು ಬೆಚ್ಚಗಿನ ಸಾಬೂನು ನೀರಿನಲ್ಲಿ ಉಣ್ಣೆಯುಂಡೆ ಉರುಳಿಸಲಿ. ಬಿಸಿ ಅಂಟಿನ ಗನ್ನು ದೊಡ್ಡವರ ಕೈಯಲ್ಲಿಯೇ ಇರಲಿ. ಸುಟ್ಟರೆ 10ರಿಂದ 20 ನಿಮಿಷ ಹರಿಯುವ ನಲ್ಲಿ ನೀರಿಗೆ ಹಿಡಿಯಿರಿ, ಮಂಜುಗಡ್ಡೆ ಇಡಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಗೋದಲಿಯೊಳಗೆ ಇಡುವ ಪುಟ್ಟ ವಿದ್ಯುತ್ ದೀಪಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ಅದನ್ನು ನುಂಗಿದರೆ ಎರಡು ಗಂಟೆಗಳೊಳಗೇ ಅನ್ನನಾಳ ತೀವ್ರವಾಗಿ ಸುಡಬಹುದು. ತಿರುಪಿನಿಂದ ಮುಚ್ಚಳ ಭದ್ರಪಡಿಸಿದ ದೀಪವನ್ನೇ ಕೊಳ್ಳಿರಿ. ನುಂಗಿದ ಸಂಶಯ ಬಂದರೂ ಕಾಯದೆ 112ಕ್ಕೆ ಕರೆ ಮಾಡಿರಿ. ಅಗ್ಗದ ಫೆಲ್ಟ್ ಬಹುಪಾಲು ಪಾಲಿಯೆಸ್ಟರ್. ಅದು ಜ್ವಾಲೆ ತಾಕಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಆಗಮನ ಕಾಲದ ಮೇಣದಬತ್ತಿಗಳಿಂದ ಗೊಂಬೆಗಳು ದೂರವಿರಲಿ.

ಭಾಷೆಯ ಕೂಟದಲ್ಲಿ ಧರ್ಮಕ್ಕೇನು ಕೆಲಸ ಎಂದು ಕೆಲವು ಸದಸ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮಕ್ಕಳು ಕೂಟದಲ್ಲಿ ಮಣ್ಣಿನ ಗಣಪನನ್ನು ಮಾಡುವಾಗ ಅದನ್ನು ನಾವು ಸಂಸ್ಕೃತಿಯೆಂದು ಸ್ವಾಗತಿಸಿದ್ದೇವೆ. ಹಾಗೆ ಸ್ವಾಗತಿಸಿದ್ದು ಸರಿಯೂ ಆಗಿದೆ. ಅದೇ ಅಳತೆಗೋಲು ಫೆಲ್ಟಿನ ಗೋದಲಿಗೂ ಸಲ್ಲಬೇಕು. ಇದು ಯಾರನ್ನೂ ಮತಕ್ಕೆ ಸೆಳೆಯುವ ಕಾರ್ಯಕ್ರಮವಾಗಬಾರದು. ಏನು ಮಾಡಲಾಗುವುದು, ಯಾವ ಕಥೆ ಹೇಳಲಾಗುವುದು ಎಂಬುದನ್ನು ಮೊದಲೇ ಎಲ್ಲ ಪಾಲಕರಿಗೆ ತಿಳಿಸಬೇಕು. ಕ್ರೈಸ್ತ ಮಕ್ಕಳು ತಮ್ಮ ಮನೆಯ ಕಥೆಯನ್ನು ‘ನಮ್ಮ ಕಥೆ’ಯೆಂದು ಹೇಳಲಿ, ಉಳಿದ ಮಕ್ಕಳು ಗೆಳೆಯನ ಮನೆಯ ಕಥೆಯೆಂದು ಕೇಳಲಿ, ಇಷ್ಟವಿದ್ದರೆ ಕುರಿಯೊಂದನ್ನು ಕತ್ತರಿಸಿ ಕೊಡಲಿ. ಬರಲೊಲ್ಲದವರಿಗೆ ಬಾರದಿರುವ ಸ್ವಾತಂತ್ರ್ಯವಿರಲಿ. ನಮ್ಮಲ್ಲಿ ಕೊಂಕಣಿ, ತುಳು ಮನೆಮಾತಿನ ಕ್ರೈಸ್ತ ಕುಟುಂಬಗಳೂ ಇವೆ. ಅವರು ಮನೆಯಲ್ಲಿ ತಮ್ಮ ಮಾತಿನಲ್ಲಿಯೇ ಹೇಳಲಿ, ಕೂಟದಲ್ಲಿ ಕನ್ನಡದಲ್ಲಿ ಹೇಳಲಿ. ಒಂದು ಇನ್ನೊಂದನ್ನು ತಿನ್ನುವುದಿಲ್ಲ.

ಇಂತಹ ಕರಕುಶಲದಿಂದ ನಂಬಿಕೆ ಆಟಿಕೆಯಾಗಿ ಹಗುರಾಗುವುದಿಲ್ಲವೇ ಎಂಬ ಶಂಕೆಯೂ ಇದೆ. ಕಥೆಯಿಲ್ಲದೆ ಗೊಂಬೆ ಮಾತ್ರ ಉಳಿದರೆ ಖಂಡಿತ ಹಗುರಾಗುತ್ತದೆ. ಚಿತ್ರ ತೆಗೆದು ಎಲ್ಲರಿಗೂ ಕಳುಹಿಸಿ, ಗೊಂಬೆಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಉಳಿಯುವುದು ಕತ್ತರಿಸಿದ ಚೂರುಗಳು ಮಾತ್ರ. ಒಂದೇ ಗೊಂಬೆಯನ್ನು ಹೊಲಿದರೂ ಚಿಂತೆಯಿಲ್ಲ, ಅದರ ಕಥೆಯನ್ನು ಪೂರ್ತಿ ಹೇಳಿರಿ. ಊರಿನಲ್ಲಿರುವ ಅಜ್ಜ ಅಜ್ಜಿಯರನ್ನು ದೂರವಾಣಿಯ ಪರದೆಯಲ್ಲಿ ಕೂರಿಸಿಕೊಂಡು, ಮಗು ಅವರಿಗೆ ಹೇಳುವಂತೆ ಮಾಡಿರಿ. ಜರ್ಮನ್ ಅರಿಯದ ಅಜ್ಜಿಗೆ ಹೇಳುವಾಗ ಮಗುವಿಗೆ ಕನ್ನಡ ಬಿಟ್ಟು ಬೇರೆ ದಾರಿಯಿರುವುದಿಲ್ಲ.

ಡಿಸೆಂಬರ್ ತಿಂಗಳ ಮಕ್ಕಳ ತರಗತಿಯಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ನಾವು ಕೋರುತ್ತೇವೆ. ಕತ್ತರಿಗಳು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನಮ್ಮ ಹೊಣೆ. ಫೆಲ್ಟಿನ ಚೂರುಗಳು ಯಾರ ಮನೆಯಲ್ಲಿದ್ದರೂ ತನ್ನಿರಿ, ಕಂದು ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಕಥೆ ಹೇಳಬಲ್ಲ ಹಿರಿಯರು ಮುಂದೆ ಬಂದರೆ, ಅವರ ಮುಂದಿನ ನೆಲದ ಮೇಲೆ ಮಕ್ಕಳನ್ನು ಕೂರಿಸುವ ಕೆಲಸ ನಮಗಿರಲಿ.