ಬಂಡಿದಾರಿಯೂ ಮೋಟಾರ್ ಸೈಕಲ್ಲೂ

ಡಾಂಬರು ರಸ್ತೆ ಮುಗಿದಲ್ಲಿ ಪ್ರಯಾಣದ ಸುಖವೂ ಮುಗಿಯಿತೆಂದು ಹಿಂದಿನವರು ತಿಳಿಯುತ್ತಿದ್ದರು. ಅದು ಮುಗಿದಲ್ಲಿಯೇ ಸುಖದ ಆರಂಭವೆಂದು ನಂಬಿರುವ ಸವಾರರ ಪಂಗಡವೊಂದು ಈಗ ಬೆಂಗಳೂರಿನಲ್ಲಿ ಬೆಳೆದಿದೆ. ಭಾನುವಾರದ ನಸುಕಿನಲ್ಲಿ ನಗರವಿನ್ನೂ ಹಾಸಿಗೆಯಲ್ಲಿರುವಾಗಲೇ ಇವರೆದ್ದು, ಮೊಣಕಾಲು ಮೊಣಕೈಗಳಿಗೆ ಕವಚ ತೊಟ್ಟು, ಹಲ್ಲುಹಲ್ಲಾದ ಟೈರುಗಳ ಮೋಟಾರ್ ಸೈಕಲ್ಲನ್ನೇರಿ ಹಳ್ಳಿಗಾಡಿನ ಕಡೆಗೆ ಹೊರಡುತ್ತಾರೆ. ಕೆಮ್ಮಣ್ಣಿನ ಜಾಡು, ಕಲ್ಲುಬಂಡೆಯ ಏರು, ಮಳೆನೀರು ಕೊರೆದ ಕೊರಕಲು ಇವೇ ಇವರಿಗೆ ರಾಜಬೀದಿ.

ವೈಟ್‌ಫೀಲ್ಡಿನ ಪೂರ್ವಕ್ಕೆ, ಹೊಸಕೋಟೆಯ ದಕ್ಷಿಣಕ್ಕೆ ಇರುವ ಅನುಗೊಂಡನಹಳ್ಳಿ ಹೋಬಳಿ ಇಂಥ ಸವಾರರ ಕಣ್ಣಿಗೆ ಬೀಳುವುದು ಸಹಜ. ದಕ್ಷಿಣ ಪಿನಾಕಿನಿಯ ಆಸುಪಾಸಿನ ಈ ಸೀಮೆಯಲ್ಲಿ ರಾಗಿಯ ಹೊಲಗಳು, ತರಕಾರಿಯ ತೋಟಗಳು, ನೀಲಗಿರಿ ತೋಪುಗಳು, ಕೆರೆಯಂಗಳಗಳು ಇವೆ. ಅವುಗಳ ನಡುವೆ ಊರಿಂದೂರಿಗೆ ಹಾಯುವ ಮಣ್ಣುದಾರಿಗಳೂ ಇವೆ. ನಗರದವನಿಗೆ ಇದೆಲ್ಲವೂ ಯಾರದೂ ಅಲ್ಲದ ಬಯಲಿನಂತೆ ಕಾಣುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ಇಂಥದೊಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಬದುವಿನ ಮೇಲೆ ಬಂದ ಸವಾರನನ್ನು ಹೊಲದ ಮುದುಕ ಕೈಯೆತ್ತಿ ತಡೆಯುತ್ತಾನೆ. “ಯಾಕೆ ತಾತ, ಇದು ದಾರಿಯಲ್ಲವೆ?” ಎಂದು ಸವಾರ ಕೇಳುತ್ತಾನೆ. “ದಾರಿ ಹೌದಪ್ಪ. ಯಾರ ದಾರಿ ಅಂತ ಕೇಳಿದೆಯಾ?” ಎಂದು ಮುದುಕ ಮರುಪ್ರಶ್ನೆ ಹಾಕುತ್ತಾನೆ. ಕಾನೂನಿನ ಅರ್ಧ ಭಾಗ ಆ ಮರುಪ್ರಶ್ನೆಯಲ್ಲಿಯೇ ಅಡಗಿದೆ.

ಬೇಲಿಯಿಲ್ಲದ ನೆಲಕ್ಕೆ ಒಡೆಯನಿಲ್ಲವೆಂಬುದು ಮೊದಲನೆಯ ಭ್ರಮೆ. ನೀಲಗಿರಿ ತೋಪು ನಿರ್ಜನವಾಗಿ ಕಂಡರೂ ಅದು ಯಾರೋ ಒಬ್ಬರ ಹಿಡುವಳಿಯಾಗಿರಬಹುದು. ಕೊಯ್ಲಾದ ರಾಗಿಹೊಲ ಬೋಳಾಗಿ ಕಂಡರೂ ಅದರ ಪಹಣಿ ಬೋಳಾಗಿರುವುದಿಲ್ಲ. ಸರ್ಕಾರಿ ನೆಲವಾದರೆ ಎಲ್ಲರೂ ಎಲ್ಲವನ್ನೂ ಮಾಡಬಹುದೆಂಬುದು ಎರಡನೆಯ ಭ್ರಮೆ. ಗೋಮಾಳ ಸರ್ಕಾರದ್ದು ನಿಜ. ಆದರೆ ಅದನ್ನು ಮೀಸಲಿಟ್ಟಿರುವುದು ಊರ ದನಕರುಗಳಿಗೆ. 100 ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಕಾಯ್ದಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಕೆರೆಯಂಗಳ ಬೇಸಗೆಯಲ್ಲಿ ಮೈದಾನದಂತೆ ಒಣಗಿ ಮಲಗಿದ್ದರೂ ಅದು ಕೆರೆಯೇ ಹೊರತು ಆಟದ ಬಯಲಲ್ಲ.

ಹಾಗಾದರೆ ಸವಾರನು ನ್ಯಾಯವಾಗಿ ಹಾಯಬಹುದಾದ ದಾರಿ ಯಾವುದು? ಇದಕ್ಕೆ ಉತ್ತರವಿರುವುದು ಕಂದಾಯದ ಕಡತಗಳಲ್ಲಿ. ವ್ಯಕ್ತಿಗಳ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳೆಲ್ಲವೂ ರಾಜ್ಯ ಸರ್ಕಾರದವೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಪ್ರಕರಣ ಸಾರುತ್ತದೆ. ಅವುಗಳನ್ನು ಗುರುತಿಸುವ ಸಾಧನ ಗ್ರಾಮ ನಕ್ಷೆ. ಸರ್ವೆ ನಂಬರುಗಳ ಎಲ್ಲೆ, ಹಳ್ಳ, ಕೆರೆ, ಬಂಡಿದಾರಿ, ಕಾಲುದಾರಿ ಎಲ್ಲವನ್ನೂ ಬೇರೆಬೇರೆ ಗುರುತುಗಳಿಂದ ಅದರಲ್ಲಿ ತೋರಿಸಲಾಗಿರುತ್ತದೆ. ಈ ನಕ್ಷೆಗಳ ಪ್ರತಿ ಭೂಮಾಪನ ಇಲಾಖೆಯಲ್ಲಿ ದೊರೆಯುತ್ತದೆ. ಅದೇ ಇಲಾಖೆಯ ‘ದಿಶಾಂಕ್’ ಎಂಬ ಮೊಬೈಲ್ ಸಾಧನವನ್ನು ತೆರೆದರೆ, ನಿಂತ ನೆಲ ಯಾವ ಸರ್ವೆ ನಂಬರಿನದೆಂಬುದು ನಿಂತಲ್ಲಿಯೇ ತಿಳಿಯುತ್ತದೆ.

ಪಹಣಿಯಲ್ಲಿ ನೋಡಬೇಕಾದ ಶಬ್ದವೊಂದಿದೆ: ಖರಾಬು. ಸಾಗುವಳಿಗೆ ಬಾರದ ನೆಲವನ್ನು ಕಂದಾಯದವರು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಬಂಡೆ, ಕಣ, ತೋಟದ ಮನೆ ಮುಂತಾದ ಜಾಗ ‘ಎ’ ಖರಾಬು. ಅದು ಹಿಡುವಳಿದಾರನ ಅನುಭವದಲ್ಲಿಯೇ ಇರುತ್ತದೆ. ರಸ್ತೆ, ಅಂಗೀಕೃತ ಕಾಲುದಾರಿ, ಹಳ್ಳ, ಸ್ಮಶಾನಗಳಂತೆ ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟದ್ದು ‘ಬಿ’ ಖರಾಬು. ಒಬ್ಬನ ಹೊಲದ ನಟ್ಟನಡುವೆ ಹಾದುಹೋದರೂ ‘ಬಿ’ ಖರಾಬಿನ ದಾರಿ ಆತನ ಸ್ವತ್ತಲ್ಲ. ಈ ಒಂದಕ್ಷರದ ಭೇದವನ್ನು ಅರಿತ ಸವಾರ ಅರ್ಧ ಜಗಳವನ್ನು ಗೆದ್ದಂತೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ನಕ್ಷೆಯಲ್ಲಿಲ್ಲದ ಎಷ್ಟೋ ದಾರಿಗಳು ಬಳಕೆಯಿಂದ ಬಂದವು. ಒಳಗಿನ ಹೊಲದವನು ಹೊರಗಿನ ಹೊಲದವನ ಅಂಚಿನಲ್ಲಿ 20 ವರ್ಷ ಬಹಿರಂಗವಾಗಿ, ಹಕ್ಕೆಂದೇ ತಿಳಿದು, ಅಡೆತಡೆಯಿಲ್ಲದೆ ಓಡಾಡಿದ್ದರೆ 1882ರ ಈಸ್‌ಮೆಂಟ್ ಕಾಯಿದೆ ಆತನಿಗೆ ಹಾದಿಯ ಹಕ್ಕನ್ನು ಕೊಡುತ್ತದೆ. ಆದರೆ ಆ ಹಕ್ಕು ಆ ಹೊಲಕ್ಕೆ ಅಂಟಿದ್ದೇ ಹೊರತು ದಾರಿಹೋಕರಿಗೆಲ್ಲ ಸೇರಿದ್ದಲ್ಲ. ಚಕ್ರದ ಜಾಡು ಕಂಡ ಮಾತ್ರಕ್ಕೆ ಅದು ಸರ್ವರ ದಾರಿಯಾಗದು. ಅಂಥ ಕಡೆ ಒಡೆಯನ ಒಪ್ಪಿಗೆಯೊಂದೇ ರಹದಾರಿ.

ಕಾಡಿನ ಮಾತು ಇನ್ನೂ ಕಠಿನ. ಕಾಯ್ದಿಟ್ಟ ಅರಣ್ಯದೊಳಗೆ ಅಪ್ಪಣೆಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಬಂದು ನಿಲ್ಲುತ್ತದೆ. ಅಲ್ಲಿ ಹಳೆಯ ಜಾಡಿತ್ತೆಂಬ ಸಬೂಬು ನಡೆಯದು.

ದಾರಿ ಸಾರ್ವಜನಿಕವೆಂದು ಸಿದ್ಧವಾದರೂ ಸವಾರನ ಹೊಣೆ ಮುಗಿಯುವುದಿಲ್ಲ. ಜನರಿಗೆ ಹೋಗುವ ಹಕ್ಕಿರುವ ಎಡೆಯೆಲ್ಲವೂ 1988ರ ಮೋಟಾರು ವಾಹನ ಕಾಯಿದೆಯ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳವೇ. ಡಾಂಬರು ಇಲ್ಲವೆಂಬ ಕಾರಣದಿಂದ ಲೈಸೆನ್ಸು, ವಿಮೆ, ಶಿರಸ್ತ್ರಾಣಗಳಿಗೆ ವಿನಾಯಿತಿಯಿಲ್ಲ. ನೋಂದಣಿಯಾಗದ ಪಂದ್ಯದ ಗಾಡಿಗಳನ್ನು ಊರದಾರಿಗೆ ಇಳಿಸುವಂತಿಲ್ಲ. ಅವುಗಳ ಜಾಗ ಆವರಣದ ಒಳಗೆ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ಹೂಡಿದರೆ, 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೆ 3 ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹುಡುಗನ ಕೈಗೆ ಗಾಡಿ ಕೊಟ್ಟ ತಂದೆಗೆ ಅದೇ ತಿದ್ದುಪಡಿ 25,000 ರೂಪಾಯಿ ದಂಡದ ಜೊತೆಗೆ 3 ವರ್ಷಗಳವರೆಗಿನ ಸೆರೆಯನ್ನೂ ತೋರಿಸುತ್ತದೆ.

ಈ ಸಮಸ್ಯೆ ಒಂದು ಹೋಬಳಿಯದೂ ಅಲ್ಲ, ಒಂದು ದೇಶದ್ದೂ ಅಲ್ಲ. ಇಂಗ್ಲೆಂಡಿನಲ್ಲಿ ಯಾವ ಹಳ್ಳಿದಾರಿ ಯಾರಿಗೆ ತೆರೆದಿದೆಯೆಂದು ತೋರಿಸುವ ಅಧಿಕೃತ ನಕ್ಷೆಗಳಿವೆ. ಆದರೂ ಬಂಡಿಯ ಕಾಲದ ಹಕ್ಕನ್ನು ಹಿಡಿದು ಮೋಟಾರುಗಳು ಹಸಿರು ಓಣಿಗಳನ್ನು ತುಂಬಿದಾಗ, 2006ರ ಕಾಯಿದೆಯೊಂದು ನಕ್ಷೆಗೇರದ ಮೋಟಾರು ಹಕ್ಕುಗಳಲ್ಲಿ ಹೆಚ್ಚಿನವನ್ನು ಅಳಿಸಿಹಾಕಿತು. ಯಾರ ಕಾಡಿನಲ್ಲಾದರೂ ನಡೆದಾಡುವ ಹಕ್ಕಿಗೆ ಹೆಸರಾದ ಸ್ವೀಡನ್ ದೇಶ, ರಸ್ತೆ ಬಿಟ್ಟು ಬರಿನೆಲದ ಮೇಲೆ ಮನಸ್ಸಿಗೆ ಬಂದಂತೆ ಮೋಟಾರು ಓಡಿಸುವುದನ್ನು 1975ರ ಕಾನೂನಿನಿಂದ ನಿಷೇಧಿಸಿದೆ. ಅಮೆರಿಕದಲ್ಲಿ ಅಧ್ಯಕ್ಷ ನಿಕ್ಸನ್ 1972ರಲ್ಲಿ ಹೊರಡಿಸಿದ ಆಜ್ಞೆ, ಸರ್ಕಾರಿ ನೆಲಗಳಲ್ಲಿ ಯಾವುದು ಇಂಥ ವಾಹನಗಳಿಗೆ ತೆರೆದಿದೆ, ಯಾವುದು ಮುಚ್ಚಿದೆ ಎಂದು ಗುರುತಿಸುವಂತೆ ವಿಧಿಸಿತು. ನಡೆಯುವ ಕಾಲಿಗೂ ಉರುಳುವ ಯಂತ್ರಕ್ಕೂ ನೆಲ ಒಂದೇ ಲೆಕ್ಕವನ್ನು ಇಡುವುದಿಲ್ಲ ಎಂಬುದು ಎಲ್ಲ ಕಡೆಯ ಅನುಭವ.

ಆ ಲೆಕ್ಕ ಅನುಗೊಂಡನಹಳ್ಳಿಯ ಕಡೆಯ ರೈತನಿಗೆ ಚೆನ್ನಾಗಿ ಗೊತ್ತು. ಮಳೆ ನೆನೆಸಿದ ಕೆಮ್ಮಣ್ಣಿನ ಮೇಲೆ ಹಲ್ಲಿನ ಟೈರು ಹರಿದರೆ ಮಣ್ಣು ಕಿತ್ತು ಗೆರೆ ಬೀಳುತ್ತದೆ. ಮುಂದಿನ ಮಳೆಯ ನೀರು ಆ ಗೆರೆಯನ್ನೇ ಕಾಲುವೆ ಮಾಡಿಕೊಂಡು ಕೊರಕಲು ಕೊರೆಯುತ್ತದೆ. ಗೊಬ್ಬರ ಹೊತ್ತ ಟ್ರ್ಯಾಕ್ಟರು ಹೂಳುವುದು ಅಲ್ಲಿಯೇ. ಬದುವಿನಂಚಿನ ಹನಿ ನೀರಾವರಿಯ ಕೊಳವೆ ತುಳಿತಕ್ಕೆ ಸಿಕ್ಕರೆ ಒಂದು ದಿನದ ನೀರು ಹೋಯಿತು. ಶಬ್ದಕ್ಕೆ ಬೆದರಿದ ಹಸು ಹಗ್ಗ ಕಿತ್ತರೆ ಸಂಜೆಯ ಹಾಲು ಹೋಯಿತು. ಇಂಥ ನಷ್ಟಗಳಿಗೆ ವಿಮೆಯ ಪತ್ರ ಬರೆಯುವವರಾರು? ಒಂದೆರಡು ಬಾರಿ ಸಹಿಸಿದ ರೈತ ಮೂರನೆಯ ಬಾರಿ ದಾರಿಗೆ ಅಡ್ಡವಾಗಿ ಕಂದಕ ತೋಡುತ್ತಾನೆ. ಆಗ ನಿಲ್ಲುವುದು ಸವಾರನ ಗಾಡಿಯೊಂದೇ ಅಲ್ಲ. ಡೈರಿಗೆ ಹಾಲು ಒಯ್ಯುವವಳೂ ಶಾಲೆಗೆ ಹೋಗುವ ಮಕ್ಕಳೂ ಸುತ್ತುದಾರಿ ಹಿಡಿಯಬೇಕಾಗುತ್ತದೆ. ಒಬ್ಬರ ವಿನೋದಕ್ಕೆ ಊರೇ ಸುಂಕ ತೆರುವುದೆಂದರೆ ಇದೇ.

ಹಾಗೆಂದು ಈ ಕ್ರೀಡೆಯನ್ನೇ ಹಳಿಯುವುದು ಸಲ್ಲದು. ಕರ್ನಾಟಕಕ್ಕೆ ಇದರಲ್ಲಿ ಹೆಮ್ಮೆಪಡುವಷ್ಟು ಚರಿತ್ರೆಯಿದೆ. ಜಾವಾ, ಯೆಜ್ಡಿ ಗಾಡಿಗಳು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದವು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ್‍ಯಾಲಿಯನ್ನು 36ನೆಯವರಾಗಿ ಮುಗಿಸಿ, ಆ ಸಾಹಸ ಮಾಡಿದ ಮೊದಲ ಭಾರತೀಯರೆನಿಸಿದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಅದೇ ಸಂತೋಷ್ 2021ರ ಡಕಾರ್ ಪಂದ್ಯದಲ್ಲಿ ಸೌದಿ ಅರೇಬಿಯದ ನೆಲದ ಮೇಲೆ ಬಿದ್ದು, ತಲೆಗೆ ಪೆಟ್ಟಾಗಿ ಸಾವಿನ ಬಾಗಿಲಿನಿಂದ ಮರಳಿದರು ಎಂಬುದನ್ನೂ ನೆನೆಯಬೇಕು. ನುರಿತವನಿಗೆ, ವೈದ್ಯರ ಹೆಲಿಕಾಪ್ಟರು ಹಿಂದೆಯೇ ಇದ್ದಾಗ ಆದ ಗತಿ ಅದು. ನೀಲಗಿರಿ ತೋಪಿನಲ್ಲಿ ಒಂಟಿಯಾಗಿ ಬಿದ್ದವನನ್ನು ಎತ್ತುವವನು ಅದೇ ಹೊಲದ ಮುದುಕನೇ.

ಕಲಿಯುವವನಿಗೆ ಉತ್ತಮವಾದದ್ದು ಆವರಣದೊಳಗಿನ ಕಣ. ಸಂತೋಷ್ ಅವರೇ ಕೋಲಾರದ ಬಳಿ ಇಂಥ ತರಬೇತಿಯ ನೆಲವೊಂದನ್ನು ಕಟ್ಟಿದರು. ಅನುಗೊಂಡನಹಳ್ಳಿಗೆ ಅದು ದೂರದ ಊರಲ್ಲ. ಹಳ್ಳಿದಾರಿಯನ್ನೇ ಬಯಸುವವನು ಮೊದಲು ಗ್ರಾಮ ನಕ್ಷೆ ನೋಡಲಿ. ಸಂಶಯವಿದ್ದರೆ ಹೋಬಳಿಯ ನಾಡಕಚೇರಿಯಲ್ಲಿ ಗ್ರಾಮ ಆಡಳಿತ ಅಧಿಕಾರಿಯನ್ನು ವಿಚಾರಿಸಲಿ. ಹೊಲದೊಡೆಯನಿದ್ದರೆ ಗಾಡಿ ನಿಲ್ಲಿಸಿ, ಶಿರಸ್ತ್ರಾಣ ತೆಗೆದು, ಮುಖ ತೋರಿಸಿ ಕೇಳಲಿ. ಮಳೆ ಬಿದ್ದ ಮರುದಿನ ಮಣ್ಣುದಾರಿಗೆ ಇಳಿಯದಿರಲಿ. ಗುಂಪು ಚಿಕ್ಕದಿರಲಿ, ಸೈಲೆನ್ಸರು ಗಾಡಿಯ ಜೊತೆಗೆ ಬಂದದ್ದೇ ಇರಲಿ. ದನ ಕಂಡಲ್ಲಿ ಎಂಜಿನ್ನು ಆರಿಸಲಿ. ಸುಗ್ಗಿಯಲ್ಲಿ ದಾರಿಯ ಮೇಲೆ ತೆನೆ ಹರಡಿದ್ದರೆ ಹಿಂದಿರುಗಲಿ.

ದಾರಿಯ ಹಕ್ಕು ಕಾಗದದಲ್ಲಿದೆ. ದಾರಿ ಉಳಿಯುವುದು ಮಾತ್ರ ಊರವರ ಮನಸ್ಸಿನಲ್ಲಿ. ಎರಡನ್ನೂ ಗಳಿಸಿಕೊಂಡ ಸವಾರನಿಗೆ ಮುಂದಿನ ಭಾನುವಾರವೂ ಹಾದಿ ತೆರೆದಿರುತ್ತದೆ.