ಪ್ಲೇ ಆಗ್ತಿಲ್ವಾ? ದಯವಿಟ್ಟು ಕನ್ವರ್ಟ್ ಮಾಡ್ಬೇಡಿ ಸ್ವಾಮೀ!

ಮೊನ್ನೆ ಅಕ್ಕನ ಮಗಳ ಫೋನು. "ಮಾಮಾ, ದೊಡ್ಡಜ್ಜಿ ಹಾಡಿದ ಸೋಬಾನೆ ಪದ ನಿನ್ನ ಹತ್ರ ಇದೆಯಂತಲ್ಲ, ಮದುವೆ ದಿನ ಮಂಟಪದಲ್ಲಿ ಹಾಕ್ಬೇಕು, ಕಳಿಸು." ಇದೆ ಮಾರಾಯ್ತಿ ಅಂದೆ. ಇದೆ, ಆದರೆ ಇಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ದೊಡ್ಡಮ್ಮ ಹಾಡಿದ್ದು 1993ರಲ್ಲಿ, ಅಕ್ಕನ ಮದುವೆಯಲ್ಲಿ. 60 ನಿಮಿಷದ ಕ್ಯಾಸೆಟ್ಟು. 2006ರಲ್ಲಿ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಸಿಕ್ಕಿಸಿ ವೇವ್ ಫೈಲಾಗಿ ಇಳಿಸಿದ್ದೆ. ಸುಮಾರು 600 ಎಂಬಿ. ನನ್ನ ಹಾರ್ಡ್ ಡಿಸ್ಕ್ ಇದ್ದದ್ದೇ 40 ಜಿಬಿ. ಹಾಡು ಹಾಡಾಗಿ ಕತ್ತರಿಸಿ ಎಂಪಿ3 ಮಾಡಿ, ವೇವ್ ಅಳಿಸಿಬಿಟ್ಟೆ. ಅದು ಮೊದಲನೇ ತಪ್ಪು.

2009ರಲ್ಲಿ ಹೊಸ ಫೋನಿಗೆ ಹಾಕಿದರೆ 8 ನಿಮಿಷದ ಹಾಡು 40 ನಿಮಿಷ ಅಂತ ತೋರಿಸುತ್ತಿತ್ತು! ಮುಂದೆ ಓಡಿಸಿದರೆ ಎಲ್ಲೋ ಹಾರಿ ನಿಂತುಬಿಡುತ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಕನ್ವರ್ಟ್ ಮಾಡು." ಮಾಡಿದೆ. 64 ಕೆಬಿಪಿಎಸ್. ಚೆನ್ನಾಗಿ ಓಡಿತು. ಖುಷಿಯಲ್ಲಿ ಹಳೆಯದನ್ನು ಅಳಿಸಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಿದ್ದು ಹೀಗೆ.

ಆ ಫೈಲಿಗೆ ಆಗಿದ್ದ ಕಾಯಿಲೆ ಏನು ಗೊತ್ತೇ? ಏನೂ ಇಲ್ಲ! ಅದು ವಿಬಿಆರ್ ಎಂಪಿ3, ಅಂದರೆ ಸದ್ದು ಹೆಚ್ಚು ತೊಡಕಾಗಿರುವಲ್ಲಿ ಹೆಚ್ಚು ಬಿಟ್‌ಗಳು, ಮೌನವಿದ್ದಲ್ಲಿ ಕಡಿಮೆ. ಇಂಥ ಫೈಲಿನ ತಲೆಯಲ್ಲಿ "ಒಟ್ಟು ಇಷ್ಟು ಫ್ರೇಮುಗಳಿವೆ" ಅಂತ ಬರೆದಿಡುವ ಒಂದು ಪುಟ್ಟ ಚೀಟಿ ಇರಬೇಕು. ಷಿಂಗ್ ಹೆಡರ್ ಅಂತಾರೆ. ನಾನು ಬಳಸಿದ ಬಿಟ್ಟಿ ಕನ್ವರ್ಟರ್ ಅದನ್ನು ಬರೆದಿರಲಿಲ್ಲ. ಫೋನು ಪಾಪ ಏನು ಮಾಡೀತು? ಮೊದಲ ಫ್ರೇಮು ನೋಡಿತು. ಕ್ಯಾಸೆಟ್ಟಿನ ಆರಂಭದ ಮೌನ, 32 ಕೆಬಿಪಿಎಸ್. ಹಾಡಿನ ಸರಾಸರಿ 160. ಐದು ಪಟ್ಟು ವ್ಯತ್ಯಾಸ, 8 ನಿಮಿಷ 40 ಆಯಿತು. ಫೂಬಾರ್2000ದಂಥ ಪ್ಲೇಯರಿನಲ್ಲಿ ಈ ಹೆಡರ್ ಸರಿಮಾಡುವ ಆಯ್ಕೆಯೇ ಇದೆ. ಎರಡು ಕ್ಷಣದ ಕೆಲಸ. ಹಾಡಿನ ಒಂದು ಬಿಟ್ಟೂ ಅಲುಗುವುದಿಲ್ಲ.

ಅದಕ್ಕೇ ಹೇಳ್ತೀನಿ, "ಕನ್ವರ್ಟ್ ಮಾಡು" ಅನ್ನುವುದು ಸಲಹೆಯೇ ಅಲ್ಲ. ಅದು ಯೋಚನೆ ಮಾಡುವುದರಿಂದ ತಪ್ಪಿಸಿಕೊಳ್ಳುವ ದಾರಿ. ಹೆಚ್ಚಿನ ತೊಂದರೆ ಇರುವುದು ಹಾಡಿನಲ್ಲಲ್ಲ, ಅದರ ಹೊರಕವಚದಲ್ಲಿ.

ಕಾರಿನ ಸ್ಟೀರಿಯೋದಲ್ಲಿ ಕನ್ನಡ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತಿದೆಯೇ? ಅದು ಟ್ಯಾಗಿನ ಜಗಳ. ಐಡಿ3 ಟ್ಯಾಗಿನ 2.4 ಆವೃತ್ತಿಯಲ್ಲಿ ಯುಟಿಎಫ್-8 ಇದೆ, 2.3ರಲ್ಲಿ ಇಲ್ಲ, ಅಲ್ಲಿ ಯುಟಿಎಫ್-16. ಹಳೆಯ ಎಷ್ಟೋ ಯಂತ್ರಗಳಿಗೆ 2.3 ಮಾತ್ರ ಅರ್ಥವಾಗುತ್ತದೆ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಆವೃತ್ತಿ ಬದಲಿಸಿ ಉಳಿಸಿ, ಸಾಕು. ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಯಾವ ಕನ್ವರ್ಟರಪ್ಪನೂ ಏನೂ ಮಾಡಲಾರ. ಪೆನ್ ಡ್ರೈವನ್ನೇ ಗುರುತಿಸುತ್ತಿಲ್ಲವೇ? ಅದು ಎನ್‌ಟಿಎಫ್‌ಎಸ್‌ನಲ್ಲಿದೆಯೋ ನೋಡಿ, ಒಳಗಿರುವುದನ್ನು ಬೇರೆಡೆ ಕಾಪಿ ಮಾಡಿಟ್ಟು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ.

ಹಾಗಾದರೆ ಕನ್ವರ್ಟ್ ಮಾಡಲೇಬಾರದೇ? ಬೇಕಾದಾಗ ಮಾಡಿ. ಎಂ4ಎ ಅನ್ನುವುದು ಬರೀ ಡಬ್ಬಿ. ಒಳಗೆ ಎಎಸಿ ಇರಬಹುದು, ಎಎಲ್‌ಎಸಿ ಇರಬಹುದು. ಎರಡನೆಯದು ಓಡದಿದ್ದರೆ ಫ್ಲಾಕ್ ಮಾಡಿಕೊಳ್ಳಿ, ಎರಡೂ ನಷ್ಟವಿಲ್ಲದ ಬಗೆಗಳು, ಏನೂ ಕಳೆಯುವುದಿಲ್ಲ. ಆದರೆ ಎಂಪಿ3ಯಿಂದ ಎಎಸಿ, ಅಲ್ಲಿಂದ ಮತ್ತೆ ಎಂಪಿ3 ಅಂದರೆ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ನುಡಿಯಲ್ಲಿ ಬರೆದದ್ದನ್ನು ಯುನಿಕೋಡಿಗೆ ತಂದಾಗ ಅರ್ಕಾವೊತ್ತು ಎಡವಿದರೆ ನಾವು ಕೈಯಾರೆ ತಿದ್ದುತ್ತೇವೆ, ಯಾಕೆಂದರೆ ಪದ ನಮಗೆ ಗೊತ್ತು. ಇಲ್ಲಿ ಹೋದ ಸದ್ದನ್ನು ಯಾರು ತಿದ್ದುತ್ತಾರೆ?

ಇನ್ನು 128ರದ್ದನ್ನು 320 ಮಾಡಿ "ಹೈ ಕ್ವಾಲಿಟಿ" ಅಂತ ಹಂಚುವ ಪುಣ್ಯಾತ್ಮರು! ಅರ್ಧ ಲೋಟ ಮಜ್ಜಿಗೆಯನ್ನು ದೊಡ್ಡ ಚೊಂಬಿಗೆ ಹೊಯ್ದರೆ ಮಜ್ಜಿಗೆ ಹೆಚ್ಚಾಗುತ್ತದೆಯೇ? ಕಾರಿಗೆ ಅಂತ ನಾನೂ ಒಮ್ಮೆ ಹಾಗೆ ಮಾಡಿದ್ದೇನೆ, ಬೈಯುವುದು ನನಗೂ ಸೇರಿಯೇ.

"ನಮ್ಮ ಕಿವಿಗೆ ಅದೆಲ್ಲ ಗೊತ್ತಾಗಲ್ಲ ಬಿಡ್ರೀ" ಅಂತೀರಿ. ಒಪ್ಪಿದೆ. ಒಳ್ಳೆಯ ಮೂಲದಿಂದ ಒಂದೇ ಸಲ ಮಾಡಿದ 192ರ ಎಂಪಿ3ಗೂ ಸಿಡಿಗೂ ವ್ಯತ್ಯಾಸ ನನ್ನ ಕಿವಿಗೂ ಗೊತ್ತಾಗಲ್ಲ. ನನ್ನ ತಕರಾರು ಕಿವಿಯದ್ದಲ್ಲ, ಮೂಲದ್ದು. ಮೂಲ ಇದ್ದರೆ ಎಷ್ಟು ಸಲ ಬೇಕಾದರೂ ತಪ್ಪು ಮಾಡಬಹುದು. ಅಳಿಸಿದ ಮೇಲೆ ಒಂದು ತಪ್ಪಿಗೂ ಜಾಗವಿಲ್ಲ. ಇವತ್ತು 600 ಎಂಬಿ ಯಾವ ಲೆಕ್ಕ? ಫ್ಲಾಕ್ ಮಾಡಿದರೆ ಅದರಲ್ಲೂ ಎಷ್ಟೋ ಉಳಿಯುತ್ತದೆ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು, ಮತ್ತೆ ಹಾಕಿದಾಗ ಟೇಪು ತುಂಡಾಯಿತು. ದೊಡ್ಡಮ್ಮ 2011ರಲ್ಲಿ ಹೋದರು. ಈಗ ಉಳಿದಿರುವುದು ಆ 64ರ ಫೈಲು ಮಾತ್ರ. ನೀರಿನೊಳಗಿಂದ ಹಾಡಿದ ಹಾಗಿದೆ. ಬಳೆಯ ಸದ್ದು ಬರುವಲ್ಲೆಲ್ಲ ಚಿರಚಿರ ಅನ್ನುತ್ತದೆ. ಕಳಿಸಿದೆ. "ಅಜ್ಜಿ ದನಿ ಅಂತ ಗೊತ್ತಾಗತ್ತೆ ಬಿಡು ಮಾಮಾ" ಅಂದಳು ಹುಡುಗಿ. ಅವಳು ಸಮಾಧಾನಕ್ಕೆ ಹಾಗಂದಿದ್ದು ಇನ್ನೂ ಚುಚ್ಚುತ್ತಿದೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಕ್ಯಾಸೆಟ್ಟು ಇದ್ದೀತು. ಈ ಭಾನುವಾರವೇ ಇಳಿಸಿ, ಎರಡು ಕಡೆ ಇಡಿ, ಮೂಲ ಮುಟ್ಟಬೇಡಿ. ನನ್ನ ಮಾತು ಅತಿಯಾಯಿತು ಅನ್ನಿಸಿದರೆ ಧಾರಾಳವಾಗಿ ಬೈಯಿರಿ. ಕನ್ವರ್ಟ್ ಮಾತ್ರ ಮಾಡ್ಬೇಡಿ :)