ಪೂರಕವು ತಳಹದಿಯಾಗಲಾರದು

ಹುಬ್ಬಳ್ಳಿ-ಧಾರವಾಡಗಳ ನಡುವಿನ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣಕ್ಕೆ ಶ್ರಾವಣ-ಭಾದ್ರಪದದಲ್ಲಿ ಹೊಸ ಹೆಸರು ಬರತೊಡಗುತ್ತದೆ. ಮುಂದೆ ಶೇಂಗಾ, ಶಿವರಾತ್ರಿಯ ಹೊತ್ತಿಗೆ ಕಡಲೆ. ಈ ಕಾಳುಕಡಿಗಳ ವ್ಯಾಪಾರದಿಂದ ಬಾಳು ಕಟ್ಟಿಕೊಂಡ ಕುಟುಂಬಗಳಲ್ಲಿ ಜೈನ ಕುಟುಂಬಗಳೂ ಉಂಟು. ತಂದೆಯು ಚೀಲದ ಕಾಳನ್ನು ಅಂಗೈಯಲ್ಲಿ ಹಿಡಿದು ಬೆಲೆ ಕಟ್ಟುತ್ತಾನೆ. ಮಗನು ಸಂಜೆ ವ್ಯಾಯಾಮಶಾಲೆಯಿಂದ ಮರಳುವಾಗ ಮೂರು ಸಾವಿರ ರೂಪಾಯಿಯ ಪುಡಿಯ ಡಬ್ಬಿಯೊಂದನ್ನು ತರುತ್ತಾನೆ. ತಂದೆ ಮಾರುವ ಕಾಳಿನಲ್ಲಿ ಏನಿದೆ ಎಂಬುದನ್ನು ಮಗ ವಿಚಾರಿಸಿಲ್ಲ. ಮಗ ಕುಡಿಯುವ ಪುಡಿಯಲ್ಲಿ ಏನಿದೆ ಎಂಬುದನ್ನು ತಂದೆ ವಿಚಾರಿಸಿಲ್ಲ. ಈ ಎರಡು ಅವಿಚಾರಗಳ ನಡುವೆ ಶ್ರಾವಕರ ಮನೆಯ ಅಡಿಗೆಯ ಕೋಣೆಯೊಳಕ್ಕೆ ಹೊಸದೊಂದು ವಸ್ತು ಪ್ರಶ್ನೆಯಿಲ್ಲದೆ ಪ್ರವೇಶಿಸಿದೆ.

ಡಬ್ಬಿಯೊಡನೆ ಒಂದು ಸಿದ್ಧಾಂತವೂ ಬಂದಿದೆ. ದೇಹದಾರ್ಢ್ಯಕ್ಕೆ ಪೌಷ್ಟಿಕ ಪೂರಕಗಳೇ ತಳಹದಿ. ಅವಿಲ್ಲದೆ ಸ್ನಾಯು ಬೆಳೆಯದು. ಸಸ್ಯಾಹಾರಿಗೆ, ಅದರಲ್ಲಿಯೂ ಜೈನನಿಗೆ, ಅವಿಲ್ಲದೆ ಗತಿಯೇ ಇಲ್ಲ ಎಂಬುದೇ ಆ ಸಿದ್ಧಾಂತ. ಇದು ಆರೋಗ್ಯಶಾಸ್ತ್ರಕ್ಕೂ ಒಪ್ಪದ ಮಾತು, ಶ್ರಾವಕಾಚಾರಕ್ಕೂ ಒಪ್ಪದ ಮಾತು, ವ್ಯಾಪಾರದ ಸಾಮಾನ್ಯ ಲೆಕ್ಕಕ್ಕೂ ಒಪ್ಪದ ಮಾತು. ಪೂರಕವೆಂದರೆ ಕೊರತೆಯನ್ನು ತುಂಬುವುದು ಎಂದರ್ಥ. ಕೊರತೆ ಇದೆಯೇ ಎಂದು ನೋಡದೆ ತುಂಬುವುದನ್ನೇ ತಳಹದಿ ಎನ್ನುವುದು ಶಬ್ದಕ್ಕೂ ಅರ್ಥಕ್ಕೂ ಮಾಡುವ ಅಪಚಾರ.

ದೇಹಬಲಕ್ಕೆ ಧರ್ಮದ ವಿರೋಧವಿಲ್ಲ

ಈ ಮಾತನ್ನು ಆಡಿದೊಡನೆ, ಜೈನಧರ್ಮವು ದೇಹವನ್ನು ಒಣಗಿಸುವ ಧರ್ಮ, ಯುವಕರ ಬಲವನ್ನು ಕಂಡರೆ ಹಿರಿಯರಿಗೆ ಆಗದು ಎಂಬ ಆಕ್ಷೇಪ ಬರುತ್ತದೆ. ಈ ಆಕ್ಷೇಪದಲ್ಲಿ ಹುರುಳಿಲ್ಲ. ತೀರ್ಥಂಕರರ ಶರೀರವು ವಜ್ರವೃಷಭನಾರಾಚ ಸಂಹನನದಿಂದ ಕೂಡಿದುದೆಂದು ಆಗಮ ಪರಂಪರೆ ಹೇಳುತ್ತದೆ. ಅಂದರೆ ಅಸ್ಥಿಬಂಧಗಳಲ್ಲಿ ಅತ್ಯಂತ ದೃಢವಾದುದು. ಭರತ-ಬಾಹುಬಲಿಯರು ಸೈನ್ಯಗಳನ್ನು ಬಲಿಗೊಡದೆ ತಾವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ನಿರ್ಣಯ ಮಾಡಿಕೊಂಡ ಕಥೆಯನ್ನು ಕ್ರಿ.ಶ. 941ರಲ್ಲಿ ಪಂಪನು ಆದಿಪುರಾಣದಲ್ಲಿ ಕನ್ನಡಿಗರಿಗೆ ಕೊಟ್ಟನು. ಚಕ್ರವರ್ತಿಯನ್ನು ಎತ್ತಿ ಹಿಡಿದ ತೋಳುಗಳೇ ಬಳಿಕ ಬಳ್ಳಿ ಹಬ್ಬುವವರೆಗೆ ನಿಶ್ಚಲವಾಗಿ ನಿಂತವು. ಬಲವಿಲ್ಲದವನಿಗೆ ಆ ತಪಸ್ಸು ಸಾಧ್ಯವಿರಲಿಲ್ಲ. ಆದುದರಿಂದ ವ್ಯಾಯಾಮ ಬೇಕೋ ಬೇಡವೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಬಲವನ್ನು ಯಾವುದರ ಮೇಲೆ ಕಟ್ಟಬೇಕು ಎಂಬುದೇ ಪ್ರಶ್ನೆ.

ಉತ್ತರ ಕರ್ನಾಟಕದ ಗರಡಿಮನೆಗಳಿಗೆ ಇದಕ್ಕೆ ಉತ್ತರ ತಿಳಿದಿತ್ತು. ಮೊದಲು ಮಣ್ಣು ಹದಮಾಡುವುದು, ದಂಡ, ಬೈಠಕ್, ವಸ್ತಾದರು ಹೇಳಿದಷ್ಟು ತಾಲೀಮು. ಆಮೇಲೆ ಖುರಾಕಿನ ಮಾತು. ಮಾಂಸ ತಿಂದ ಪೈಲವಾನರು ಇದ್ದಂತೆಯೇ ಹಾಲು, ತುಪ್ಪ, ಬಾದಾಮಿಗಳಿಂದ ಮೈ ಬೆಳೆಸಿದ ಪೈಲವಾನರೂ ಇದ್ದರು. ಇಂದಿನ ಶರೀರಶಾಸ್ತ್ರವೂ ಇದೇ ಕ್ರಮವನ್ನು ಹೇಳುತ್ತದೆ. ಸ್ನಾಯು ಬೆಳೆಯುವುದು ಅದರ ಮೇಲೆ ಕ್ರಮಕ್ರಮವಾಗಿ ಭಾರ ಬಿದ್ದಾಗ. ಪ್ರೋಟೀನು ಅದಕ್ಕೆ ಬೇಕಾದ ಇಟ್ಟಿಗೆ. ಅಂಗಳದಲ್ಲಿ ಇಟ್ಟಿಗೆಯ ರಾಶಿ ಹಾಕಿದ ಮಾತ್ರಕ್ಕೆ ಮನೆ ಏಳುವುದಿಲ್ಲ. ಅಗತ್ಯಕ್ಕಿಂತ ಹೆಚ್ಚಾದ ಪ್ರೋಟೀನಿನ ಸಾರಜನಕವು ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಉಳಿದುದು ಉರುವಲಾಗಿ ಉರಿಯುತ್ತದೆ, ಇಲ್ಲವೆ ಕೊಬ್ಬಾಗಿ ಕೂಡುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೈ ಬೆಳೆಸುವುದಕ್ಕಾಗಿ ಪ್ರೋಟೀನು ಪುಡಿಗಳನ್ನು ಸೇವಿಸಬೇಡಿರೆಂದು ಅದು ಹೇಳುತ್ತದೆ. ಆರೋಗ್ಯವಂತರು ದೀರ್ಘಕಾಲ ಭಾರ ಎತ್ತುವ ವ್ಯಾಯಾಮ ಮಾಡುವಾಗ ಪೂರಕಗಳಿಂದ ದೊರೆಯುವ ಹೆಚ್ಚಳ ಅಲ್ಪವೆಂದೂ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಮೀರಿದ ಪ್ರೋಟೀನಿನಿಂದ ಹೆಚ್ಚಿನ ಲಾಭವಿಲ್ಲವೆಂದೂ ತಿಳಿಸುತ್ತದೆ. ಅತಿಯಾದ ಸೇವನೆಯಿಂದ ಮೂತ್ರಪಿಂಡಕ್ಕೂ ಎಲುಬಿಗೂ ಹಾನಿಯಾಗಬಹುದೆಂದು ಎಚ್ಚರಿಸುತ್ತದೆ.

ಕೀರ್ದಿಯಲ್ಲಿ ಬರೆದು ನೋಡಬೇಕಾದ ಲೆಕ್ಕ

ವ್ಯಾಪಾರಸ್ಥ ಸಮಾಜಕ್ಕೆ ಲೆಕ್ಕದ ಮಾತು ಬೇಗ ಮನಸ್ಸಿಗೆ ಹತ್ತುತ್ತದೆ. 60 ಕಿಲೋ ತೂಕದ ತರುಣನಿಗೆ ಸಾಮಾನ್ಯ ಶಿಫಾರಸಿನಂತೆ, ಅಂದರೆ ಕಿಲೋಗೆ 0.83 ಗ್ರಾಮಿನಂತೆ, ದಿನಕ್ಕೆ 50 ಗ್ರಾಂ ಪ್ರೋಟೀನು ಸಾಕು. ಕಠಿಣ ವ್ಯಾಯಾಮ ಮಾಡುವವನಿಗೆ ಹೆಚ್ಚು ಬೇಕು. ಆದರೆ 96 ಗ್ರಾಂ ದಾಟಿ ಫಲವಿಲ್ಲ. ಈಗ ಧಾರವಾಡ ಜಿಲ್ಲೆಯ ಮನೆಯೂಟವನ್ನು ಜಮೆ ಹಿಡಿಯೋಣ. ಕಾಲು ಕಿಲೋ ಜೋಳದ ಹಿಟ್ಟಿನ ರೊಟ್ಟಿಯಿಂದ ಸುಮಾರು 25 ಗ್ರಾಂ. 100 ಗ್ರಾಂ ಹೆಸರು ಅಥವಾ ತೊಗರಿಯ ಬೇಳೆಯಿಂದ 22. ಅರ್ಧ ಲೀಟರ್ ಹಾಲಿನಿಂದ 16. 50 ಗ್ರಾಂ ಶೇಂಗಾದಿಂದ 12. ಒಂದು ಹಿಡಿ ಪುಟಾಣಿಯಿಂದ 10. ಒಟ್ಟು 85 ಗ್ರಾಂ. ಇದರಲ್ಲಿ ಡಬ್ಬಿಯ ಒಂದು ಚಮಚವೂ ಸೇರಿಲ್ಲ. ದ್ವಿದಳದ ನಿಯಮವನ್ನು ಪಾಲಿಸುವವರು ಬೇಳೆಯನ್ನೂ ಹಾಲನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಂಡರಾಯಿತು. ಲೆಕ್ಕದಲ್ಲಿ ವ್ಯತ್ಯಾಸ ಬಾರದು.

ಕಾಳಿನ ಪ್ರೋಟೀನು ಅಪೂರ್ಣ ಎಂದು ತರಬೇತುದಾರರು ಹೇಳುವುದುಂಟು. ಅದು ಅರ್ಧ ಸತ್ಯ. ಬೇಳೆಯಲ್ಲಿ ಮೆಥಿಯೋನಿನ್ ಎಂಬ ಅಂಶ ಕಡಿಮೆ, ಜೋಳ-ಗೋದಿಗಳಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪೂರಕವೆಂಬ ಶಬ್ದಕ್ಕೆ ನಿಜವಾದ ಉದಾಹರಣೆ ಬೇಕಿದ್ದರೆ ರೊಟ್ಟಿ-ಬೇಳೆಯ ಜೋಡಿಯೇ ಅದು. ಹಾಲಿನ ಪುಡಿಗಿಂತ ಕಾಳು ಜೀರ್ಣವಾಗುವುದು ಸ್ವಲ್ಪ ನಿಧಾನ ಎಂಬುದು ನಿಜ. ಅದಕ್ಕೆ ಪರಿಹಾರ ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸುವುದು.

ಇನ್ನು ಖರ್ಚು. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ಹೆಸರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಆ ದರದಲ್ಲಿ ನೂರು ಗ್ರಾಂ ಪ್ರೋಟೀನಿಗೆ ಬೀಳುವುದು ಸುಮಾರು 40 ರೂಪಾಯಿ. ಅಂಗಡಿಯ ಬೆಲೆ ಅದರ ಒಂದೂವರೆ ಪಟ್ಟಾದರೂ 60. ಕಿಲೋಗೆ ಎರಡರಿಂದ ಮೂರೂವರೆ ಸಾವಿರ ರೂಪಾಯಿ ತೆಗೆದುಕೊಳ್ಳುವ ಡಬ್ಬಿಯಲ್ಲಿ ಮುಕ್ಕಾಲು ಕಿಲೋ ಪ್ರೋಟೀನು ಇದೆಯೆಂದೇ ನಂಬಿದರೂ ಅಷ್ಟೇ ಪ್ರಮಾಣಕ್ಕೆ ಸುಮಾರು 270ರಿಂದ 470 ರೂಪಾಯಿ ಬೀಳುತ್ತದೆ. ಅಮರಗೋಳದ ಕಟ್ಟೆಯ ಮೇಲೆ ಕ್ವಿಂಟಲಿಗೆ ಹತ್ತು ರೂಪಾಯಿಗಾಗಿ ವಾದಿಸುವ ಮನೆತನವು ಈ ವ್ಯತ್ಯಾಸವನ್ನು ಮನೆಯೊಳಗೆ ಕಾಣದಿರುವುದು ಆಶ್ಚರ್ಯ.

ಹಸಿರು ಚುಕ್ಕೆಯೂ ಶ್ರಾವಕನ ಭಕ್ಷ್ಯವೂ

ಹಣದ ನಷ್ಟ ಸಣ್ಣದು. ಇದಕ್ಕಿಂತ ಗಂಭೀರವಾದುದು ಭಕ್ಷ್ಯಾಭಕ್ಷ್ಯದ ವಿಷಯ. ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯಲ್ಲ ಎಂದು ತಾಯಂದಿರು ಸಮಾಧಾನ ಪಡುತ್ತಾರೆ. ಆ ಚುಕ್ಕೆಯ ನಿಯಮ 2001ರಲ್ಲಿ ಬಂದಿತು. ಅದು ಉಪಕಾರಿಯೇ ಸರಿ. ಆದರೆ ಅದು ಕಾನೂನಿನ ಚುಕ್ಕೆ, ಶ್ರಾವಕಾಚಾರದ ಚುಕ್ಕೆಯಲ್ಲ. ಇಂದಿನ ಕಾನೂನಿನ ವ್ಯಾಖ್ಯೆಯಲ್ಲಿ ಜೇನುತುಪ್ಪ, ಜೇನುಮೇಣ, ಅರಗಿನಿಂದ ಮಾಡಿದ ಶೆಲ್ಲಾಕ್ ಇವು ಮಾಂಸಾಹಾರದ ಪಟ್ಟಿಯಿಂದ ಹೊರಗಿವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಎಂಟು ಮೂಲಗುಣಗಳಲ್ಲಿ ಮದ್ಯ-ಮಾಂಸಗಳ ಜೊತೆಗೆ ಮಧುತ್ಯಾಗವೂ ಸೇರಿದೆ. ಕಾನೂನು ಹಸಿರೆಂದುದೆಲ್ಲವೂ ಶ್ರಾವಕನಿಗೆ ಭಕ್ಷ್ಯವಾಗುವುದಿಲ್ಲ.

ಹಾಲಿನಿಂದ ಆದುದೆಂದು ಹೇಳಲಾಗುವ ವೇ ಪುಡಿಯ ಮೂಲವನ್ನೂ ತಿಳಿಯಬೇಕು. ಚೀಸ್ ತಯಾರಿಸುವಾಗ ಹಾಲು ಒಡೆದು ಹೊರಬರುವ ತಿಳಿನೀರೇ ವೇ. ಅದನ್ನು ಸೋಸಿ ಒಣಗಿಸಿದರೆ ಪುಡಿ. ಹಾಲು ಒಡೆಯಲು ಬಳಸುವ ರೆನೆಟ್ ಎಂಬ ವಸ್ತುವನ್ನು ಪರಂಪರೆಯಿಂದ ತೆಗೆಯುತ್ತಿದ್ದುದು ಕೊಂದ ಎಳೆಗರುವಿನ ಜಠರದಿಂದ. ಇಂದು ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ಟಿನ ಬಳಕೆ ಬಹಳವಾಗಿದೆ ಎಂಬುದನ್ನು ಒಪ್ಪಬೇಕು. ಆದರೆ ಕೈಯಲ್ಲಿರುವ ಡಬ್ಬಿ ಯಾವ ಬಗೆಯದು? ಹಾಲಿನ ಉತ್ಪನ್ನಗಳೆಲ್ಲ ಕಾನೂನಿನಲ್ಲಿ ಸಸ್ಯಾಹಾರವೇ ಆಗಿರುವುದರಿಂದ ಹಸಿರು ಚುಕ್ಕೆ ಈ ಪ್ರಶ್ನೆಗೆ ಉತ್ತರ ಕೊಡದು.

ಪುಡಿಯ ಹಿಂದೆ ಬರುವ ಗುಳಿಗೆಗಳದು ಇನ್ನೂ ಸ್ಪಷ್ಟವಾದ ದೋಷ. ಜೆಲಟಿನ್ ಹೊದಿಕೆ ದನ-ಹಂದಿಗಳ ಚರ್ಮ ಮತ್ತು ಎಲುಬುಗಳಿಂದ. ಒಮೇಗಾ ಎಣ್ಣೆ ಬಹುಮಟ್ಟಿಗೆ ಮೀನಿನಿಂದ. ಕೀಲುನೋವಿಗೆಂದು ಕೊಡುವ ಗ್ಲುಕೋಸಮೈನ್ ಸಾಮಾನ್ಯವಾಗಿ ಏಡಿ-ಸೀಗಡಿಗಳ ಚಿಪ್ಪಿನಿಂದ. ಕೊಲಾಜೆನ್ ಪ್ರಾಣಿಗಳ ಚರ್ಮ, ಎಲುಬು, ಮೀನಿನ ಪೊರೆಗಳಿಂದ. ಕಂದು ಗುರುತನ್ನು ನೋಡದೆ, ತರಬೇತುದಾರ ಕೊಟ್ಟನೆಂದು ನುಂಗುವವನು ತಾನು ಕೊಲ್ಲಲಿಲ್ಲವೆಂದು ಹೇಳಬಹುದು. ಜೈನಶಾಸ್ತ್ರವು ಕೃತ, ಕಾರಿತ, ಅನುಮೋದನ ಮೂರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಓದಲು ಬರುವವನು ಓದದೆ ನುಂಗುವುದು ಪ್ರಮಾದವಲ್ಲವಾದರೆ ಪ್ರಮಾದವೆಂಬುದು ಬೇರೇನು?

ಹೊತ್ತಿನ ವಿಷಯವೂ ಇದೆ. ಅಂಗಡಿ ಮುಚ್ಚಿ ರಾತ್ರಿ ಎಂಟಕ್ಕೆ ವ್ಯಾಯಾಮ, ಒಂಬತ್ತಕ್ಕೆ ಪುಡಿಯ ಪಾನೀಯ, ಮಲಗುವ ಮುನ್ನ ಇನ್ನೊಂದು ಲೋಟ. ಅಜ್ಜಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯಲ್ಲಿಯೇ ಇದು ನಡೆಯುತ್ತಿದೆ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಶ್ರಮವೆಲ್ಲ ವ್ಯರ್ಥ ಎಂಬ ಭಯವನ್ನು ಹುಟ್ಟಿಸಲಾಗಿದೆ. ದಿನದ ಒಟ್ಟು ಪ್ರಮಾಣವೇ ಮುಖ್ಯ, ಗಳಿಗೆಯ ಲೆಕ್ಕ ಅಷ್ಟು ಮುಖ್ಯವಲ್ಲ ಎಂಬುದು ಇಂದಿನ ತಿಳಿವಳಿಕೆ. ಮುಂಜಾನೆ ವ್ಯಾಯಾಮ ಮಾಡಿದರೆ ರಾತ್ರಿಭೋಜನ ತ್ಯಾಗಕ್ಕೂ ಭಂಗವಿಲ್ಲ, ಸ್ನಾಯುವಿಗೂ ನಷ್ಟವಿಲ್ಲ.

ಮಾರುವವರ ಹೊಣೆ

ಈ ವಿಷಯದಲ್ಲಿ ಕೊಳ್ಳುವವರನ್ನಷ್ಟೇ ದೂರುವುದು ಅನ್ಯಾಯ. ಇಂಥ ಡಬ್ಬಿಗಳನ್ನು ಅಂಗಡಿಯಲ್ಲಿಡುವ, ಏಜೆನ್ಸಿ ಹಿಡಿಯುವ ಜೈನ ವರ್ತಕರೂ ತಮ್ಮ ಲೆಕ್ಕ ನೋಡಿಕೊಳ್ಳಬೇಕು. 2024ರ ಏಪ್ರಿಲಿನಲ್ಲಿ ‘ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನು ಪುಡಿಗಳ ಪರೀಕ್ಷೆಯ ವರದಿ ಪ್ರಕಟವಾಯಿತು. ಸುಮಾರು ನೂರಕ್ಕೆ 70 ಪುಡಿಗಳಲ್ಲಿ ಪ್ರೋಟೀನಿನ ಪ್ರಮಾಣ ಡಬ್ಬಿಯ ಮೇಲೆ ಬರೆದಂತೆ ಇರಲಿಲ್ಲ. ಕೆಲವುಗಳಲ್ಲಿ ಹೇಳಿದುದರ ಅರ್ಧದಷ್ಟು ಮಾತ್ರ. ನೂರಕ್ಕೆ ಸುಮಾರು 14ರಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ, 8ರಲ್ಲಿ ಕೀಟನಾಶಕದ ಶೇಷ ಕಂಡುಬಂದಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ತೂಕ-ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ, ಒಳ್ಳೆಯ ಸರಕಿನಂತೆ ಕಾಣುವ ಕೀಳು ಸರಕನ್ನು ಮಾರುವುದನ್ನೂ ಸೇರಿಸಿದೆ. ಅಮರಗೋಳದಲ್ಲಿ ಕಲ್ಲು ಬೆರೆಸಿದ ಹೆಸರನ್ನು ಒಳ್ಳೆಯ ಹೆಸರೆಂದು ಮಾರಿದವನನ್ನು ಕಟ್ಟೆಯೇ ಬಹಿಷ್ಕರಿಸುತ್ತದೆ. 25 ಗ್ರಾಮಿನ ಮಾತು ಕೊಟ್ಟು 12 ಗ್ರಾಂ ಅಳೆಯುವ ಡಬ್ಬಿಗೆ ಬೇರೆ ನ್ಯಾಯವಿರಲಾರದು. ಸರಕು ಮೊಹರು ಮಾಡಿ ಬಂದಿದೆ, ಒಳಗಿನದು ತನಗೆ ತಿಳಿಯದು ಎಂಬ ಉತ್ತರವು ನ್ಯಾಯಾಲಯದಲ್ಲಿ ನಡೆಯಬಹುದು. ಪ್ರತಿಕ್ರಮಣಕ್ಕೆ ಕುಳಿತಾಗ ನಡೆಯದು.

ಔಷಧವೂ ಆಹಾರವೂ

ಎಲ್ಲ ಪೂರಕಗಳೂ ತ್ಯಾಜ್ಯವೆಂದು ಇಲ್ಲಿ ಹೇಳುತ್ತಿಲ್ಲ. ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವದ ಕೊರತೆ ನಿಜವಾಗಿ ಕಾಣುತ್ತದೆ. ಅದನ್ನು ಅಲಕ್ಷಿಸಿದರೆ ನರಗಳಿಗೆ ಹಾನಿ. ಆ ಜೀವಸತ್ವವನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಜೆಲಟಿನ್ ಹೊದಿಕೆಯಿಲ್ಲದ ಮಾತ್ರೆಯೂ ದೊರೆಯುತ್ತದೆ. ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಸಲಹೆಯಂತೆ ಅದನ್ನು ತೆಗೆದುಕೊಳ್ಳುವುದು ವಿವೇಕ. ಶಸ್ತ್ರಚಿಕಿತ್ಸೆಯಾದವರಿಗೆ, ಊಟ ಸೇರದ ವೃದ್ಧರಿಗೆ ವೈದ್ಯರು ಪ್ರೋಟೀನು ಪುಡಿ ಹೇಳಿದರೆ ಅದೂ ಔಷಧವೇ. ಇರುವ ಕೊರತೆಗೆ ಕೊಡುವುದು ಔಷಧ. ಇಲ್ಲದ ಕೊರತೆಯನ್ನು ಹೇಳಿ ಹೆದರಿಸಿ ಕೊಡುವುದು ವ್ಯಾಪಾರ.

ಮಂದಿರಗಳ ಟ್ರಸ್ಟುಗಳು ಈ ಬಗ್ಗೆ ಉಪದೇಶಕ್ಕೆ ನಿಲ್ಲದೆ ಕಾರ್ಯಕ್ಕೆ ಇಳಿಯಬೇಕು. ತಿನ್ನುವ ವಸ್ತುವಿನ ಪ್ರತಿಯೊಂದು ಘಟಕವೂ ಸಸ್ಯದಿಂದ ಬಂದುದೋ ಪ್ರಾಣಿಯಿಂದ ಬಂದುದೋ ಎಂಬುದನ್ನು ತಯಾರಕರು ಪೂರ್ಣವಾಗಿ ತಿಳಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ ಆದೇಶಿಸಿತು. ಒಬ್ಬ ಗ್ರಾಹಕನ ಪತ್ರಕ್ಕೆ ಉತ್ತರ ಬಾರದಿರಬಹುದು; ಟ್ರಸ್ಟಿನ ಮುದ್ರೆಯುಳ್ಳ ಪತ್ರವನ್ನು ಕಡೆಗಣಿಸುವುದು ಸುಲಭವಲ್ಲ. ರೆನೆಟ್ಟಿನ ಮೂಲ, ಬಣ್ಣದ ಮೂಲ, ಹೊದಿಕೆಯ ಮೂಲ ಇವನ್ನು ಬರೆದು ಕೇಳಿ, ಬಂದ ಉತ್ತರವನ್ನೂ ಬಾರದ ಉತ್ತರವನ್ನೂ ಮಂದಿರದ ಸೂಚನಾ ಫಲಕದಲ್ಲಿ ಹಾಕಬೇಕು. ಸಮಾಜದ ವಿದ್ಯಾರ್ಥಿನಿಲಯಗಳ ಊಟದಲ್ಲಿ ಬೇಳೆ ತೆಳ್ಳಗಾಗದಂತೆ ನೋಡಿಕೊಳ್ಳಬೇಕು. ನೀರು ಬೇಳೆ ಬಡಿಸಿ, ಹುಡುಗರು ಡಬ್ಬಿ ಕೊಂಡರೆಂದು ದೂರುವುದು ಸಲ್ಲದು. ಮುಂಜಾನೆ ಬೀಗ ಹಾಕಿರುವ ಸಮುದಾಯ ಭವನಗಳ ಒಂದು ಕೋಣೆಯಲ್ಲಿ ನಾಲ್ಕು ಕಬ್ಬಿಣದ ತೂಕಗಳನ್ನೂ ಒಬ್ಬ ಬಲ್ಲ ಶಿಕ್ಷಕನನ್ನೂ ಇಟ್ಟರೆ, ಯುವಕರು ವ್ಯಾಯಾಮ ಮಾಡಿ, ಸ್ನಾನ ಮುಗಿಸಿ, ದರ್ಶನಕ್ಕೆ ಬರುವ ಪರಿಪಾಠ ಬೆಳೆದೀತು.

ತಂದೆಯರಿಗೆ ಉಳಿದಿರುವುದು ಇನ್ನೂ ಸರಳವಾದ ಕೆಲಸ. ಮಗನ ಡಬ್ಬಿಯನ್ನು ಕಿತ್ತೆಸೆಯಬೇಕಿಲ್ಲ. ಒಂದು ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಅವನಿಂದಲೇ ಓದಿಸಬೇಕು. ಅಂಗಡಿಯ ಮಾದರಿ ಹೆಸರಿನ ಪೊಟ್ಟಣವನ್ನು ಅದರ ಪಕ್ಕದಲ್ಲಿಟ್ಟು ಎರಡರ ಲೆಕ್ಕವನ್ನೂ ಅವನ ಕೈಯಿಂದಲೇ ಬರೆಸಬೇಕು. ಲೆಕ್ಕ ಬಲ್ಲ ಮನೆತನದ ಹುಡುಗನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗದು.